ಪದ ಪರಿಚಯ: ಸ್ವಪ್ರತಿಕಾಯ

‘ಸ್ವ’, ‘ಪ್ರತಿ’, ‘ಕಾಯ’ ಎಂಬ ಸಂಸ್ಕೃತ ಘಟಕಗಳಿಂದಾದ ಈ ಪದದಲ್ಲಿ ‘ಪ್ರತಿಕಾಯ’ವೆಂದರೆ ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ರಕ್ತದ ಪ್ರೋಟೀನು, ಪಾಲ್ ಎರ್ಲಿಷ್ 1891ರಲ್ಲಿ ಬಳಸಿದ ‘ಆಂಟಿಕ್ಯೋರ್ಪರ್’ ಎಂಬ ಜರ್ಮನ್ ಪದದ ರಚನೆಯೂ ಇದೇ. ಆ ಪ್ರೋಟೀನು ಸ್ವಂತ ದೇಹದ ಅಂಶಗಳನ್ನೇ ಗುರಿಯಾಗಿಸಿಕೊಂಡಾಗ ‘ಸ್ವ’ ಸೇರುತ್ತದೆ.

ಚರ್ಮ, ಕೀಲು, ಮೂತ್ರಪಿಂಡಗಳನ್ನು ಬಾಧಿಸುವ ಲೂಪಸ್ ಕಾಯಿಲೆಯಲ್ಲಿ ಕೋಶಕೇಂದ್ರದ ಡಿಎನ್‌ಎ, ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನು ಮುಂತಾದವುಗಳ ವಿರುದ್ಧ ಸ್ವಪ್ರತಿಕಾಯಗಳು ಹುಟ್ಟುತ್ತವೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಮಾಲ್ಕಮ್ ಹಾರ್ಗ್ರೇವ್ಸ್ ಮತ್ತು ಸಂಗಡಿಗರು 1948ರಲ್ಲಿ ವರ್ಣಿಸಿದ, ಬೇರೊಂದು ಕೋಶದ ಕೇಂದ್ರವನ್ನು ನುಂಗಿದ ಬಿಳಿರಕ್ತಕಣವಾದ ‘ಎಲ್‌ಇ ಕೋಶ’ವೇ ಇವುಗಳ ಮೊದಲ ಕುರುಹು.

ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಕೋಶಗಳನ್ನು ಘಾಸಿಗೊಳಿಸಿ ಕೇಂದ್ರದ ಅಂಶಗಳನ್ನು ಹೊರಗೆಡಹುವುದರಿಂದ ರೋಗ ಉಲ್ಬಣಿಸಬಹುದಾಗಿದ್ದು, ಸಕಲೇಶಪುರ, ಆಲೂರು ಬೆಟ್ಟಸಾಲಿನಲ್ಲಿ ಮರಗಳ ನೆರಳಿರುವ ಕಾಫಿ ತೋಟಕ್ಕಿಂತ ಹಣ್ಣು ಒಣಗಿಸುವ ಬಯಲು ಕಣದಲ್ಲಿ ಲೂಪಸ್ ಪೀಡಿತರು ಮೈ ಮುಚ್ಚುವ ಬಟ್ಟೆ, ಟೋಪಿ ಧರಿಸುವುದು ಹೆಚ್ಚು ಅಗತ್ಯ.

ಪ್ರಯೋಗಾಲಯದ ವರದಿಗಳಲ್ಲಿ ‘ಎಎನ್‌ಎ’ ಎಂದರೆ ಕೋಶಕೇಂದ್ರವಿರೋಧಿ ಪ್ರತಿಕಾಯಗಳ ಪರೀಕ್ಷೆ. ಲೂಪಸ್ ಇರುವ ಬಹುತೇಕರಲ್ಲಿ ಇದು ಧನಾತ್ಮಕವಾಗಿದ್ದರೂ ಹಲವು ಆರೋಗ್ಯವಂತರಲ್ಲಿಯೂ ಹಾಗೆಯೇ ಬರುವುದರಿಂದ, ವೈದ್ಯರು ರೋಗಲಕ್ಷಣಗಳ ಜೊತೆಗೆ, ಲೂಪಸ್‌ಗೆ ಹೆಚ್ಚು ನಿರ್ದಿಷ್ಟವಾದ ಜೋಡಿಎಳೆ ಡಿಎನ್‌ಎ ವಿರೋಧಿ ಪ್ರತಿಕಾಯವನ್ನೂ ನೋಡಿ ನಿರ್ಣಯಿಸುತ್ತಾರೆ.