ಶಿಶುಮರಣ: ರಕ್ತದೋಷವೋ ಸ್ಥಿತಿದೋಷವೋ?

ಕ್ರಿ. ಶ. 1896ರಲ್ಲಿ ಫ್ರೆಡರಿಕ್ ಹಾಫ್‌ಮನ್ ಎಂಬ ವಿಮಾಸಂಸ್ಥೆಯ ಅಂಕಿಅಂಶಜ್ಞನು ಅಮೆರಿಕೆಯ ಕಪ್ಪು ಜನರನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಆ ಜನರಲ್ಲಿ ಮರಣವು ಅಧಿಕವಾಗಿರುವುದಕ್ಕೆ ಅವರ ಹುಟ್ಟುಗುಣವೇ ಕಾರಣ, ಜೀವನದ ಸ್ಥಿತಿಗತಿಗಳಲ್ಲ, ಎಂಬುದು ಆತನ ಸಿದ್ಧಾಂತ. ವಿಮೆಯನ್ನು ನಿರಾಕರಿಸುವವರಿಗೆ ಇದೆಷ್ಟು ಅನುಕೂಲವಾದ ಸಿದ್ಧಾಂತವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಸುಶ್ರುತನು ಉತ್ತರತಂತ್ರದಲ್ಲಿ ಒಂಬತ್ತು ಬಾಲಗ್ರಹಗಳನ್ನು ಹೇಳಿರುವನಷ್ಟೆ. ಅಲ್ಲಿಯೂ ತಾಯಿಯ ಅಥವಾ ದಾದಿಯ ಅಪಚಾರದಿಂದಲೂ ಶೌಚಲೋಪದಿಂದಲೂ ಗ್ರಹಗಳಿಗೆ ಎಡೆ ದೊರೆಯುವುದೆಂದಿದೆ. ಹಾಫ್‌ಮನ್ನನ ಗ್ರಹವಾದರೋ ಹುಟ್ಟಿನೊಡನೆಯೇ ಬಂದುದು. ಯಾವ ಶಾಂತಿಗೂ ಬಗ್ಗತಕ್ಕದ್ದಲ್ಲ.

ಕಪ್ಪು ಜನಾಂಗದ ವಿದ್ವಾಂಸರಾದ ಡುಬಾಯ್ಸ್ ಅವರು 1897ರಲ್ಲಿಯೇ ಇದನ್ನು ವಿಮರ್ಶಿಸಿ ಖಂಡಿಸಿದರು. ಫಿಲಡೆಲ್ಫಿಯಾ ನಗರದ ಏಳನೆಯ ವಾರ್ಡಿನಲ್ಲಿ ಮನೆಮನೆಗೂ ಹೋಗಿ ವಿಚಾರಿಸಿ ಅವರು 1899ರಲ್ಲಿ ಹೊರತಂದ ಗ್ರಂಥದಲ್ಲಿ ಇಕ್ಕಟ್ಟಾದ ವಸತಿ, ಮಿತಿಮೀರಿದ ಬಾಡಿಗೆ, ಒಳ್ಳೆಯ ಉದ್ಯೋಗಗಳಿಂದ ಬಹಿಷ್ಕಾರ ಇವೆಲ್ಲವೂ ನಿರೂಪಿತವಾಗಿವೆ. ಅದೇ 1899ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ರೌಂಟ್ರಿ ಅವರು ನಡೆಸಿದ ಶೋಧನೆಯು ಈ ವಾದಕ್ಕೆ ತಾನಾಗಿ ಒದಗಿದ ಸಾಕ್ಷ್ಯ. ಅಲ್ಲಿ ಕಡುಬಡವರ ಸಾವಿರ ಶಿಶುಗಳಲ್ಲಿ 247 ವರ್ಷ ತುಂಬುವ ಮೊದಲೇ ಮೃತಿಹೊಂದುತ್ತಿದ್ದವು. ಸೇವಕರನ್ನಿಟ್ಟುಕೊಂಡ ಮನೆಗಳಲ್ಲಿ 94. ಈ ಎರಡು ವರ್ಗದವರೂ ಬಿಳಿಯರೇ. ರಕ್ತವನ್ನು ಇಲ್ಲಿ ದೂರುವುದೆಂತು?

ಆದರೂ ಪ್ರತ್ಯಕ್ಷ ಪರೀಕ್ಷೆಗೆ ಆರು ದಶಕಗಳಿಗೂ ಮೀರಿ ಕಾಯಬೇಕಾಯಿತು. 1964ರ ಪೌರಹಕ್ಕುಗಳ ಶಾಸನವೂ, ವೃದ್ಧರ ಚಿಕಿತ್ಸೆಗೆ ಸರಕಾರವು 1966ರಿಂದ ಕೊಡತೊಡಗಿದ ಹಣವೂ ಸೇರಿ ದಕ್ಷಿಣದ ಆಸ್ಪತ್ರೆಗಳ ಬಾಗಿಲನ್ನು ಕಪ್ಪು ಜನರಿಗೆ ತೆರೆಸಿದುವು. ಭೇದವೆಣಿಸುವ ಆಸ್ಪತ್ರೆಗೆ ಆ ಹಣವಿಲ್ಲವೆಂಬುದು ನಿಯಮ. ತರುವಾಯ ಮಿಸಿಸಿಪಿ ಮೊದಲಾದ ಪ್ರಾಂತಗಳಲ್ಲಿ ಭೇದಿಯಿಂದಲೂ ಶ್ವಾಸಕೋಶದ ಉರಿಯಿಂದಲೂ ಸಾಯುತ್ತಿದ್ದ ಕಪ್ಪು ಶಿಶುಗಳ ಸಂಖ್ಯೆಯು ಶೀಘ್ರವಾಗಿ ಇಳಿಯಿತು. ಐದಾರು ವರ್ಷಗಳಲ್ಲಿ ರಕ್ತವು ಬದಲಾಗುವುದಿಲ್ಲ.

ಹಾಗಾದರೆ ವರಮಾನವೊಂದೇ ಕಾರಣವೆನ್ನಬಹುದೆ? ಅದೂ ಸಾಲದು. ಕ್ಯಾಲಿಫೋರ್ನಿಯಾದ ಜನನಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಅತ್ಯಂತ ಧನಿಕರಾದ ಕಪ್ಪು ತಾಯಂದಿರ ಶಿಶುಗಳ ಸ್ಥಿತಿಯು ಅತ್ಯಂತ ಬಡ ಬಿಳಿಯ ತಾಯಂದಿರ ಶಿಶುಗಳದಕ್ಕಿಂತ ಕೆಟ್ಟಿದ್ದಿತು. ಇಲ್ಲಿ ಹಾಫ್‌ಮನ್ನನ ಪಕ್ಷವು ಮತ್ತೆ ತಲೆಯೆತ್ತಬಹುದು. ಅದಕ್ಕೆ ಉತ್ತರವು ಇಲಿನಾಯ್ ಪ್ರಾಂತದ ಜನನಪತ್ರಗಳಿಂದ 1997ರಲ್ಲಿಯೇ ದೊರೆತಿದ್ದಿತು. ಅಮೆರಿಕೆಯಲ್ಲಿ ಹುಟ್ಟಿದ ಬಿಳಿಯ ತಾಯಂದಿರ ಶಿಶುಗಳ ಸರಾಸರಿ ತೂಕ 3,446 ಗ್ರಾಂ. ಆಫ್ರಿಕದಿಂದ ಬಂದು ನೆಲಸಿದ ಕಪ್ಪು ತಾಯಂದಿರ ಶಿಶುಗಳದು 3,333. ಅಮೆರಿಕೆಯಲ್ಲಿಯೇ ಹುಟ್ಟಿ ಬೆಳೆದ ಕಪ್ಪು ತಾಯಂದಿರ ಶಿಶುಗಳದು 3,089.