ಪಲ್ಲೆ ಹೊಲ ಬಿಟ್ಟು ಸಂತೆಗೆ ಬಂದ ಕಥೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಸಿಂಧನೂರು, ಮಸ್ಕಿ, ಲಿಂಗಸೂಗೂರು ಪಟ್ಟಣಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳಲ್ಲಿ ವೈದ್ಯರು ತಪ್ಪದೆ ಹೇಳುವ ಮಾತೊಂದಿದೆ: ಅನ್ನ ಕಡಿಮೆ ಮಾಡಿ, ತರಕಾರಿ ಹಣ್ಣು ಹೆಚ್ಚು ತಿನ್ನಿ. ಕೇಳುವವರು ಇದೇನೋ ನಗರದಿಂದ ಬಂದ ಹೊಸ ಉಪದೇಶವೆಂಬಂತೆ ತಲೆದೂಗಿ ಮನೆಗೆ ಬರುತ್ತಾರೆ. ಆದರೆ ಈ ನೆಲದ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಈ ಉಪದೇಶ ಹೊಸದಲ್ಲವೆಂದು ತಿಳಿಯುತ್ತದೆ. ನಮ್ಮ ತಟ್ಟೆಯಲ್ಲಿ ಸೊಪ್ಪು, ಕಾಳು, ಹಸಿ ತರಕಾರಿ ಇದ್ದವು. ಅವು ಏಕೆ ಹೋದವು, ಎಲ್ಲಿಗೆ ಹೋದವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಹೋದ ದಾರಿ ತಿಳಿದರೆ ಮರಳಿ ತರುವ ದಾರಿಯೂ ತಿಳಿದೀತು.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಎಡೆದೊರೆ ನಾಡು ಬೇಸಾಯದ ಬಹು ಹಳೆಯ ನೆಲ. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಅವರೂ, ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರೂ ಉತ್ಖನನ ನಡೆಸಿ ನವಶಿಲಾಯುಗದ ಜನವಸತಿಗಳನ್ನು ಬೆಳಕಿಗೆ ತಂದರು. ನೆರೆಯ ಬಳ್ಳಾರಿ ಜಿಲ್ಲೆಯ ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ದೊರೆತ ಕರಕಲು ಕಾಳುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಸುಮಾರು 4,000 ವರ್ಷಗಳ ಹಿಂದಿನ ಈ ಜನ ಕೊರಲೆಯಂತಹ ಕಿರುಧಾನ್ಯಗಳನ್ನೂ ಹುರುಳಿ, ಹೆಸರುಗಳನ್ನೂ ಉಣ್ಣುತ್ತಿದ್ದರೆಂದು ಹೇಳಿದ್ದಾರೆ. ಧಾನ್ಯ ಮತ್ತು ಕಾಳು ಒಂದೇ ತಟ್ಟೆಯಲ್ಲಿ ಕೂಡಿದ್ದು ಅಂದಿನಿಂದಲೇ.

ಮಸ್ಕಿ ಎಂದೊಡನೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡ ಮೇಲೆ 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ಇದನ್ನು ನಮ್ಮ ಭಾಗದ ಮಕ್ಕಳೆಲ್ಲ ಪಾಠದಲ್ಲಿ ಓದುತ್ತಾರೆ. ಅದೇ ಅಶೋಕನ ಎರಡನೆಯ ಪ್ರಧಾನ ಶಿಲಾಶಾಸನದ ವಿಷಯ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದರ ಪಾಠ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇದೆ. ಮನುಷ್ಯರಿಗೂ ಪಶುಗಳಿಗೂ ಬೇಕಾದ ಔಷಧಿಯ ಸಸ್ಯಗಳು, ಗೆಡ್ಡೆಗಳು, ಹಣ್ಣುಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ತರಿಸಿ ನೆಡಿಸಲಾಯಿತೆಂದು ಅದರಲ್ಲಿ ಹೇಳಿದೆ. ಹಣ್ಣು ಮತ್ತು ಗೆಡ್ಡೆ ಪ್ರಜೆಗಳ ಆರೋಗ್ಯಕ್ಕೆ ಸೇರಿದ ವಸ್ತುಗಳು, ಅವನ್ನು ಒದಗಿಸುವುದು ರಾಜ್ಯದ ಕೆಲಸ ಎಂಬ ವಿಚಾರ 2,200 ವರ್ಷಗಳಷ್ಟು ಹಳೆಯದೆಂದಾಯಿತು.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಇನ್ನೊಂದು ಸಾಕ್ಷ್ಯ ಸಿಗುತ್ತದೆ. ಎರಡನೆಯ ಜಯಸಿಂಹನ ಆಶ್ರಯದಲ್ಲಿ ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಗಿಡಮರಗಳ ಆರೈಕೆಗೂ ಅಡುಗೆಗೂ ಪ್ರತ್ಯೇಕ ಅಧ್ಯಾಯಗಳಿವೆ. ಇದೇ ಜಯಸಿಂಹನು ರಾಜೇಂದ್ರ ಚೋಳನೊಡನೆ ಕಾದಿದ ಮುಸಂಗಿಯು ನಮ್ಮ ಮಸ್ಕಿಯೇ ಎಂದು ಹಲವು ವಿದ್ವಾಂಸರ ಮತ. ಮುಂದೆ 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪೇಯಸ್, ಅಲ್ಲಿನ ಪೇಟೆಗಳಲ್ಲಿ ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆ, ಹಲಸು, ಮಾವು ತುಂಬಿ ತುಳುಕುತ್ತಿದ್ದುದನ್ನೂ ಅವು ಅಗ್ಗವಾಗಿದ್ದುದನ್ನೂ ದಾಖಲಿಸಿದ್ದಾನೆ. ಆಗಿನ್ನೂ ನಮ್ಮ ಅಡುಗೆಗೆ ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಪೇರಲ, ಪಪ್ಪಾಯಿ ಬಂದಿರಲಿಲ್ಲ. ಅಮೆರಿಕ ಖಂಡದ ಈ ಬೆಳೆಗಳು ಪೋರ್ಚುಗೀಸರ ಸಂಪರ್ಕದ ನಂತರ ಬಂದವು. ನಮ್ಮದೇ ಎಂದು ನಾವು ಹೆಮ್ಮೆಪಡುವ ಜೋಳವೂ ಬಹು ಹಿಂದೆ ಆಫ್ರಿಕದಿಂದ ಬಂದ ಅತಿಥಿ. ಆದ್ದರಿಂದ 'ಹೊರಗಿನದು ಕೆಟ್ಟದ್ದು, ಒಳಗಿನದು ಒಳ್ಳೆಯದು' ಎಂಬ ವಾದ ಊಟದ ವಿಷಯದಲ್ಲಿ ನಿಲ್ಲುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಬಂದ ವಸ್ತು ತಟ್ಟೆಯಲ್ಲಿದ್ದ ಉಳಿದವುಗಳೊಡನೆ ಕೂಡಿಕೊಂಡಿತೇ, ಅಥವಾ ಅವನ್ನು ಹೊರಗೆ ತಳ್ಳಿತೇ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ನಮ್ಮ ಒಣಬೇಸಾಯದ ಹೊಲವನ್ನು ನೋಡಬೇಕು. ಜೋಳ ಅಥವಾ ಸಜ್ಜೆಯ ಹೊಲದಲ್ಲಿ ಕೆಲವು ಸಾಲುಗಳಿಗೊಮ್ಮೆ ಅಕ್ಕಡಿ ಹಾಕುವುದು ರೂಢಿ. ತೊಗರಿ, ಹೆಸರು, ಅಲಸಂದಿ, ಮಡಿಕೆ, ಪುಂಡಿ, ಗುರೆಳ್ಳು, ನಡುನಡುವೆ ಸೌತೆಯ ಬಳ್ಳಿ. ಬಿತ್ತದೆಯೇ ಹುಟ್ಟುವ ಹಕ್ಕರಕಿ, ಗೋಳಿ, ಕಿರಕಸಾಲಿ ಬೇರೆ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಮನೆಗೆ ಬರುವಾಗ ಉಡಿಯಲ್ಲಿ ತಪ್ಪಲು ಇರುತ್ತಿತ್ತು. ನಮ್ಮ ಭಾಗದಲ್ಲಿ 'ಪಲ್ಲೆ' ಎಂದರೆ ಸೊಪ್ಪೂ ಹೌದು, ಅದರಿಂದ ಮಾಡಿದ ಪಲ್ಯವೂ ಹೌದು ಎಂಬುದನ್ನು ಗಮನಿಸಿರಿ. ತರಕಾರಿಯೆಂಬುದು ಹಣ ಕೊಟ್ಟು ತರುವ ವಸ್ತುವಾಗಿರಲಿಲ್ಲ. ಅದು ಜೋಳದ ಜೊತೆಗೇ ಹೊಲದಿಂದ ಬರುತ್ತಿತ್ತು. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಹೊತ್ತು ಚರಗ ಚೆಲ್ಲುವ ಹಬ್ಬದಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಪುಂಡಿಪಲ್ಲೆಗಳಿಗೆ ಇರುವ ಮರ್ಯಾದೆಗೆ ಇದೇ ಕಾರಣ. ಹೊಲ ಕೊಟ್ಟದ್ದನ್ನು ಹೊಲಕ್ಕೇ ಮೊದಲು ಉಣಿಸುವುದು.

ಹಾಗೆಂದು ಹಿಂದಿನದೆಲ್ಲ ಸುವರ್ಣಯುಗವೆಂದು ನಾನು ಹೇಳುತ್ತಿಲ್ಲ. ಮಳೆ ಕೈಕೊಟ್ಟರೆ ಜೋಳವೂ ಇಲ್ಲ, ಪಲ್ಲೆಯೂ ಇಲ್ಲ. 1876ರಿಂದ 1878ರವರೆಗಿನ ಧಾತು ಬರದಲ್ಲಿ ನಿಜಾಮರ ರಾಜ್ಯದ ರಾಯಚೂರು, ಲಿಂಗಸೂಗೂರು ಸೀಮೆಗಳೂ ಬೆಂದುಹೋದವು. ಒಳ್ಳೆಯ ವರ್ಷಗಳಲ್ಲಿಯೂ ಬಡವರ ಮನೆಯಲ್ಲಿ ರೊಟ್ಟಿಯ ಲೆಕ್ಕ ಎಣಿಸಿಯೇ ಇರುತ್ತಿತ್ತು. ಅನ್ನವೆಂಬುದು ಹಬ್ಬದ ದಿನದ ಊಟ. ಹಸಿವಿನ ಆ ನೆನಪು ಮನಸ್ಸಿನಲ್ಲಿದ್ದುದರಿಂದಲೇ ಬಿಳಿಯ ಅನ್ನಕ್ಕೆ ಅಷ್ಟು ಗೌರವ ಬಂದಿತು.

ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಜೊತೆಗೂಡಿ 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಹಣೆಬರಹವನ್ನೇ ತಿದ್ದಿತು. ಯೋಜನೆ ರೂಪಿಸಿದವರ ಎಣಿಕೆಯಲ್ಲಿ ಇದು ಬರಗಾಲದಿಂದ ರಕ್ಷಣೆ ನೀಡುವ ನೀರಾವರಿ. ಹೆಚ್ಚು ಭೂಮಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾ ಬೆಳೆಸುವುದು ಮುಖ್ಯ, ಭತ್ತಕ್ಕೆ ಮಿತಿ. ಆದರೆ ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದ ಕಷ್ಟಸಹಿಷ್ಣು ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ಕಪ್ಪು ನೆಲವನ್ನು ಮಟ್ಟಮಾಡಿ ಭತ್ತದ ಗದ್ದೆ ಮಾಡಿದರು. ಲಾಭ ಕಂಡ ಸ್ಥಳೀಯರೂ ಅನುಸರಿಸಿದರು. ಸಿಂಧನೂರು ಭತ್ತದ ಕಣಜವಾಯಿತು; ಕಾಲುವೆಯ ಕೊನೆಭಾಗದ ರೈತರು ಮಾತ್ರ ನೀರಿಗಾಗಿ ಕಾಯುವಂತಾಯಿತು. ಲಿಂಗಸೂಗೂರಿನ ಕೆಲವು ಭಾಗಗಳಿಗೆ ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿತು. ಮಸ್ಕಿಯ ಅನೇಕ ಹಳ್ಳಿಗಳು ಇಂದಿಗೂ ಮಳೆಯನ್ನೇ ನಂಬಿವೆ.

ಭತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕು. ನಿಂತ ನೀರಿನಲ್ಲಿ ಪುಂಡಿ ಬೆಳೆಯದು, ಹೆಸರು ಬದುಕದು, ಹಕ್ಕರಕಿ ಹುಟ್ಟದು. ಕಳೆನಾಶಕ ಬಂದ ಮೇಲೆ ಉಳಿದ ಸೊಪ್ಪೂ ಹೋಯಿತು. ಅಕ್ಕಿ ಮನೆಗೆ ಬಂದಿತು, ಆದರೆ ಅದರ ಜೊತೆ ಪಲ್ಲೆ ಬರಲಿಲ್ಲ. ಪಲ್ಲೆಯನ್ನು ಸಂತೆಯಲ್ಲಿ ಕೊಳ್ಳಬೇಕಾಯಿತು. ಕೊಳ್ಳುವ ವಸ್ತುವಾದೊಡನೆ ಕೈಯಲ್ಲಿ ಹಣ ಕಡಿಮೆಯಿದ್ದ ದಿನ ಮೊದಲು ಬಿಟ್ಟುಹೋಗುವುದೂ ಅದೇ. ಜೊತೆಗೆ, ದಿನವಿಡೀ ನಾಟಿ ಮಾಡಿ ದಣಿದು ಬಂದ ತಾಯಿ ಒಲೆಯ ಮುಂದೆ ಕುಳಿತು ಇಪ್ಪತ್ತು ರೊಟ್ಟಿ ಬಡಿಯುವುದಕ್ಕಿಂತ ಅರ್ಧ ಗಂಟೆಯಲ್ಲಿ ಅನ್ನ ಮಾಡುವುದನ್ನು ಆರಿಸಿಕೊಂಡರೆ ಆಕೆಯನ್ನು ಯಾರು ದೂರಬಲ್ಲರು? 2013ರಲ್ಲಿ ಆರಂಭವಾದ ಅನ್ನಭಾಗ್ಯ ಬಡವರ ಹಸಿವಿನ ಭಯವನ್ನು ನೀಗಿಸಿದ್ದು ಸಣ್ಣ ಸಂಗತಿಯಲ್ಲ. ಹೊಟ್ಟೆ ತುಂಬಿತು, ತಟ್ಟೆ ಮಾತ್ರ ಬಡವಾಯಿತು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದಾಗ ನೀರಾವರಿಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಹಿಂದಿನ ರಾತ್ರಿ ಏನು ಉಂಡಿರೆಂದು ಬರೆಯಲು ಹೇಳುತ್ತಿದ್ದೆ. ಒಣಬೇಸಾಯದ ಹಳ್ಳಿಗಳ ಮಕ್ಕಳು ರೊಟ್ಟಿ, ಪಲ್ಲೆ, ಹಿಂಡಿ, ಉಳ್ಳಾಗಡ್ಡಿ ಎಂದು ಸಾಲಾಗಿ ಬರೆಯುತ್ತಿದ್ದರು. ಕಾಲುವೆಯ ಹಳ್ಳಿಗಳ ಮಕ್ಕಳ ಕಾಗದದಲ್ಲಿ ಬಹುತೇಕ ಎರಡೇ ಪದ: ಅನ್ನ, ಸಾರು. ಹೆಚ್ಚು ಆದಾಯದ ಹಳ್ಳಿಯ ಪಟ್ಟಿ ಚಿಕ್ಕದಾಗಿದ್ದುದನ್ನು ಮಕ್ಕಳೇ ಗುರುತಿಸಿ 'ಹೀಗ್ಯಾಕ್ರೀ ಸರ್?' ಎಂದು ಕೇಳುತ್ತಿದ್ದರು. ಅವರಿಗೆ ಅಂದು ಕೊಡುತ್ತಿದ್ದ ಉತ್ತರವನ್ನೇ ಇಲ್ಲಿ ವಿಸ್ತರಿಸುತ್ತಿದ್ದೇನೆ.

ಅಕ್ಕಿಯನ್ನು ಶತ್ರುವೆಂದು ಭಾವಿಸಬೇಕಾಗಿಲ್ಲ. ಸಿಂಧನೂರಿನ ಬಳಿ ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ನಿರ್ಮಿಸಿದ ಪುನರ್ವಸತಿ ಕ್ಯಾಂಪುಗಳಿವೆ. ತಲೆತಲಾಂತರದಿಂದ ಅನ್ನ ಉಂಡ ಬಂಗಾಳಿಗಳು ಊಟದ ಆರಂಭದಲ್ಲಿಯೇ ಸೊಪ್ಪಿನ ಪಲ್ಯವನ್ನು ಅನ್ನಕ್ಕೆ ಕಲಸಿಕೊಳ್ಳುತ್ತಾರೆ. ಆಮೇಲೆ ಬೇಳೆ, ಮೀನು. ಆಂಧ್ರದವರ ಊಟದಲ್ಲಿ ಸೊಪ್ಪು ಹಾಕಿದ ಪಪ್ಪು, ಗೋಂಗೂರ ಪಚ್ಚಡಿ ಇರುತ್ತವೆ. ಅವರ ಗೋಂಗೂರ ಎಂದರೆ ನಮ್ಮ ಪುಂಡಿಯೇ. ಅನ್ನದ ಹಳೆಯ ಒಡನಾಡಿಗಳಾದ ಇವುಗಳನ್ನು ಬಿಟ್ಟು ನಾವು ಅನ್ನವೊಂದನ್ನೇ ಎತ್ತಿಕೊಂಡೆವು. ರೊಟ್ಟಿಯ ಹಳೆಯ ಒಡನಾಡಿಗಳನ್ನೂ ಕೈಬಿಟ್ಟೆವು.

ಇದರ ಪರಿಣಾಮವನ್ನು ಅಂಕಿಗಳಲ್ಲಿಯೂ ನೋಡಬಹುದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣಾಂಶ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಜೋಳದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಜೊತೆಗೆ 'ಸಿ' ಜೀವಸತ್ವವಿದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ರೊಟ್ಟಿಯ ಜೊತೆ ಹಸಿ ಸೊಪ್ಪು, ನಿಂಬೆ ಇಟ್ಟ ನಮ್ಮ ಹಿರಿಯರಿಗೆ ಈ ವಿಜ್ಞಾನ ತಿಳಿದಿರಲಿಲ್ಲ, ರೂಢಿ ಮಾತ್ರ ಸರಿಯಾಗಿತ್ತು. ಊಟ ಮುಗಿದೊಡನೆ ಚಹಾ ಕುಡಿಯುವ ಇಂದಿನ ಅಭ್ಯಾಸ ಇದಕ್ಕೆ ವಿರುದ್ಧವಾದುದು. ಚಹಾ ಕಬ್ಬಿಣಾಂಶವನ್ನು ತಡೆಯುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧಭಾಗ ಇವೇ ಇರಲಿ ಎಂದಿದೆ.

ಇದಕ್ಕೆ ದುಬಾರಿ ಪದಾರ್ಥಗಳು ಬೇಡ. ಎರಡು ಹಿಡಿ ಪುಂಡಿ ತಪ್ಪಲು, ಅರ್ಧ ಬಟ್ಟಲು ತೊಗರಿಬೇಳೆ, ಎರಡು ಚಮಚ ಜೋಳದ ನುಚ್ಚು, ನಾಲ್ಕು ಹಸಿಮೆಣಸಿನಕಾಯಿ ಒಟ್ಟಿಗೆ ಬೇಯಿಸಿ ಕಡೆದು, ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟರೆ ಪುಂಡಿಪಲ್ಲೆ ಸಿದ್ಧ. ರೊಟ್ಟಿಗೂ ಆಯಿತು, ಅನ್ನಕ್ಕೂ ಆಯಿತು. ಎಳೆಯ ಮೆಂತ್ಯದ ಸೊಪ್ಪು, ಸೌತೆ, ಗಜ್ಜರಿ, ಉಳ್ಳಾಗಡ್ಡಿಗಳನ್ನು ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ, ಗುರೆಳ್ಳು ಪುಡಿ, ಚಿಟಿಕೆ ಉಪ್ಪು, ನಿಂಬೆರಸ ಬೆರೆಸಿದರೆ ಪಚಡಿ, ಒಲೆಯೇ ಬೇಡ. ರಾತ್ರಿ ನೆನೆಸಿದ ಹೆಸರನ್ನು ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಸ್ವಲ್ಪ ಬೇಯಿಸಿ ದಾಳಿಂಬೆ ಕಾಳು, ಕೊತ್ತಂಬರಿ ಬೆರೆಸಿ ಮಕ್ಕಳಿಗೆ ಕೊಡಿರಿ. ನುಗ್ಗೆಸೊಪ್ಪನ್ನು ಹೆಸರುಬೇಳೆಯೊಡನೆ ಬೇಯಿಸಿದರೆ ಅನ್ನಕ್ಕೆ ಒಳ್ಳೆಯ ಜೊತೆ. ಹಣ್ಣೆಂದರೆ ಸೇಬೇ ಆಗಬೇಕಿಲ್ಲ. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಜೀವಸತ್ವವಿದೆ. ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು. ಬಾರೆಹಣ್ಣು, ಸೀತಾಫಲ, ಪಪ್ಪಾಯಿ, ಬಾಳೆ ನಮ್ಮ ಸಂತೆಗಳಲ್ಲಿ ಆಯಾ ಕಾಲಕ್ಕೆ ಸಿಗುತ್ತವೆ. ಹಣ್ಣನ್ನು ಹಿಂಡಿ ಸಕ್ಕರೆ ಬೆರೆಸಿ ಕುಡಿಯುವುದಕ್ಕಿಂತ ಹಾಗೆಯೇ ತಿನ್ನುವುದು ಲೇಸು, ನಾರು ಉಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳಬೇಕು.

ಅಭ್ಯಾಸ ಮೂಡುವುದು ಬಾಲ್ಯದಲ್ಲಿ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. 2007ರಲ್ಲಿ ಅದು ಪ್ರೌಢಶಾಲೆಗೂ ಬಂದಿತು. 2021ರ ಡಿಸೆಂಬರಿನಿಂದ ಈ ಭಾಗದ ಶಾಲಾಮಕ್ಕಳಿಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡತೊಡಗಿದರು. ಹಣ್ಣುಗಳನ್ನು ತರಿಸಿ ನೆಡಿಸಿದೆನೆಂದ ಅರಸನ ಹೆಸರುಳ್ಳ ಕಲ್ಲು ಇರುವ ಸೀಮೆಯಲ್ಲಿ ಇದು ಸಲ್ಲುವ ಕೆಲಸವೇ. ಮಕ್ಕಳು ಕೈತೊಳೆದ ನೀರು ಹರಿಯುವಲ್ಲಿ ಒಂದು ನುಗ್ಗೆ, ಒಂದು ಪಪ್ಪಾಯಿ, ಒಂದು ಕರಿಬೇವು ನೆಟ್ಟರೆ ಶಾಲೆಯ ಸಾರಿಗೆ ಸೊಪ್ಪು ತಾನೇ ಬರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತು. ಒಂದೇ ಬೆಳೆಯನ್ನು ನಂಬಿದ ನಾಡಿನ ಅನ್ನ ಒಂದು ಕಬ್ಬಿಣದ ಸರಪಳಿಯನ್ನು ನೆಚ್ಚಿಕೊಂಡಿದೆ ಎಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಗದ್ದೆಯನ್ನು ಮತ್ತೆ ಜೋಳದ ಹೊಲ ಮಾಡಿರೆಂದು ರೈತರಿಗೆ ಹೇಳುವ ಅಧಿಕಾರ ನನಗಿಲ್ಲ. ಅವರ ಸಾಲ, ಅವರ ಲೆಕ್ಕ ಅವರಿಗೆ ಗೊತ್ತು. ಆದರೆ ಪ್ರತಿ ಗದ್ದೆಗೂ ಬದುವಿದೆ. ಬದುವಿನ ಮೇಲೆ ನೀರು ನಿಲ್ಲುವುದಿಲ್ಲ. ಅಲ್ಲಿ ತೊಗರಿ ಬೆಳೆಯುತ್ತದೆ, ನುಗ್ಗೆ ಬೆಳೆಯುತ್ತದೆ. ಕಳೆನಾಶಕ ಸಿಂಪಡಿಸದಿದ್ದರೆ ಪುಂಡಿಯೂ ಬೆಳೆಯುತ್ತದೆ. ಹೊಲ ಕಳೆದುಕೊಂಡ ಪಲ್ಲೆಗೆ ಅಷ್ಟು ಜಾಗ ಬಿಟ್ಟುಕೊಟ್ಟರೆ, ತಟ್ಟೆಗೆ ಬರುವ ದಾರಿಯನ್ನು ಅದು ತಾನೇ ಕಂಡುಕೊಳ್ಳುತ್ತದೆ.