ಕರಟ, ಅಡಿಕೆ ಸಿಪ್ಪೆಯಿಂದ ಹೈಡ್ರೋಜನ್: ತಾಲೂಕಿನಲ್ಲಿ ಈ ಬಿಸಿನೆಸ್ ನಡೆಯುತ್ತಾ? ಕೈಹಾಕೋ ಮುಂಚೆ ತಿಳಿದಿರಬೇಕಾದ ಲೆಕ್ಕ

ತೆಂಗಿನ ಕರಟ, ಅಡಿಕೆ ಸಿಪ್ಪೆ, ಮೆಕ್ಕೆಜೋಳದ ದಂಟು, ಹೋಟೆಲ್‌ನ ಹಸಿ ಕಸ. ಇವುಗಳಿಂದ ಹೈಡ್ರೋಜನ್ ಮಾಡಿ ಮಾರಬಹುದು ಅನ್ನೋ ಮಾತು ಆಗಾಗ ಕಿವಿಗೆ ಬೀಳುತ್ತೆ. ಮಾತು ಸುಳ್ಳಲ್ಲ. ಆದರೆ ಸಾಲ ಮಾಡಿ ಶೆಡ್ ಹಾಕುವ ಮುಂಚೆ ಕೆಲವು ಲೆಕ್ಕ ಗೊತ್ತಿರಲೇಬೇಕು.

ತಂತ್ರಜ್ಞಾನ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ವಿಧಾನದಲ್ಲಿ ಒಣ ಕೃಷಿ ತ್ಯಾಜ್ಯವನ್ನು ಪೂರ್ತಿ ಉರಿಸದೆ, ಆಮ್ಲಜನಕ ಮತ್ತು ಹಬೆ ಕೊಟ್ಟು ಅನಿಲ ಮಾಡಲಾಗುತ್ತೆ. ಅದರಿಂದ ಹೈಡ್ರೋಜನ್ ಬೇರ್ಪಡಿಸುತ್ತಾರೆ. 1 ಕೆಜಿ ತ್ಯಾಜ್ಯಕ್ಕೆ ಸಿಗೋದು ಸುಮಾರು 100 ಗ್ರಾಂ. ತ್ಯಾಜ್ಯದೊಳಗೆ ಇರೋದು 60 ಗ್ರಾಂ ಮಾತ್ರ, ಉಳಿದದ್ದು ಹಬೆಯ ನೀರಿನಿಂದ ಬರುತ್ತೆ. ಅಂದರೆ 1 ಕೆಜಿ ಹೈಡ್ರೋಜನ್‌ಗೆ ಚೆನ್ನಾಗಿ ಒಣಗಿದ 10 ಕೆಜಿ ಸರಕು ಬೇಕು. ತೂಕಕ್ಕೆ ತೂಕ ನೋಡಿದರೆ ಹೈಡ್ರೋಜನ್‌ನಲ್ಲಿ ಪೆಟ್ರೋಲ್‌ಗಿಂತ ಹೆಚ್ಚುಕಮ್ಮಿ ಮೂರು ಪಟ್ಟು ಶಕ್ತಿ ಇದೆ.

ಇಲ್ಲಿವರೆಗೆ ಲಾಭದ ಲೆಕ್ಕ. ತೊಂದರೆ ಶುರುವಾಗೋದು ತುಂಬಿಸುವಾಗ. ವೆಲ್ಡಿಂಗ್ ಅಂಗಡಿಯಲ್ಲಿ ಆಮ್ಲಜನಕಕ್ಕೆ ಬಳಸೋ ಆಳೆತ್ತರದ ಸಿಲಿಂಡರ್ ನೋಡಿರುತ್ತೀರಿ. ಅಷ್ಟು ದೊಡ್ಡ ಸಿಲಿಂಡರ್‌ಗೆ 150 ಬಾರ್ ಒತ್ತಡದಲ್ಲಿ ತುಂಬಿದರೂ ಹಿಡಿಯೋ ಹೈಡ್ರೋಜನ್ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮನೆಯ ಅಡುಗೆ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಬರುತ್ತೆ ಅನ್ನೋದು ನೆನಪಿರಲಿ. ಕಬ್ಬಿಣ ಹೊತ್ತು ಸಾಗಿಸೋ ಲಾರಿ ಬಾಡಿಗೆಯೇ ಸರಕಿನ ಬೆಲೆ ನುಂಗಬಹುದು.

ಇನ್ನು ಕೊಳ್ಳೋರು ಯಾರು? ಸದ್ಯಕ್ಕೆ ತೈಲ ಸಂಸ್ಕರಣಾಗಾರ, ಗೊಬ್ಬರ ಕಾರ್ಖಾನೆ, ವನಸ್ಪತಿ ಘಟಕಗಳಂಥ ದೊಡ್ಡವರು. ಅವರಲ್ಲಿ ಹೆಚ್ಚಿನವರು ತಮಗೆ ಬೇಕಾದ್ದನ್ನು ತಾವೇ ತಯಾರಿಸಿಕೊಳ್ಳುತ್ತಾರೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ ನಿಜ. ಆದರೆ ಅದರ ಕಣ್ಣು ಇಂಥ ಕೈಗಾರಿಕೆಗಳ ಮೇಲೆ, ಪೇಟೆ ಬೀದಿಯ ಅಂಗಡಿ ಮೇಲಲ್ಲ.

ಕಸದ ಗೋಜೇ ಬೇಡ, ಕರೆಂಟ್ ಹರಿಸಿ ನೀರಿನಿಂದ ತೆಗೆಯೋಣ ಅಂದರೆ 1 ಕೆಜಿಗೆ 50 ಯೂನಿಟ್‌ಗೂ ಹೆಚ್ಚು ಬೇಕು. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ ವಿದ್ಯುತ್‌ಗೇ 350 ರೂಪಾಯಿ. 'ನೀರಿನಲ್ಲಿ ಓಡೋ ಬೈಕ್' ಕಿಟ್‌ಗಳ ಕಥೆಯೂ ಇದೇ: ಬ್ಯಾಟರಿಯಿಂದ ಎಳೆದಷ್ಟು ಶಕ್ತಿ ವಾಪಸ್ ಬರಲ್ಲ.

ಜಾತ್ರೆಗಳಲ್ಲಿ ಬಲೂನ್‌ಗೆ ಗ್ಯಾಸ್ ತುಂಬಲು ಕೆಲವರು ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಗುಜರಿ ಹಾಕಿ ಹಳೇ ಸಿಲಿಂಡರ್‌ನಲ್ಲೇ ಹೈಡ್ರೋಜನ್ ಮಾಡ್ತಾರೆ. ಇದನ್ನು ನೋಡಿ ಯಾರೂ ಪ್ರಯೋಗಕ್ಕೆ ಇಳಿಯಬಾರದು. ಒಳಗೆ ಬಿಸಿ, ಒತ್ತಡ ಎರಡೂ ಏರಿ ಸಿಲಿಂಡರ್ ಸಿಡಿಯುತ್ತೆ. ಹೈಡ್ರೋಜನ್‌ಗೆ ವಾಸನೆ ಇಲ್ಲ, ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣೋದೂ ಕಷ್ಟ. ಗಾಳಿಯಲ್ಲಿ ಶೇ. 4ರಷ್ಟು ಸೇರಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತೆ. ಸಿಲಿಂಡರ್‌ಗೆ ಗ್ಯಾಸ್ ತುಂಬಲು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಪೆಸೊ ಲೈಸೆನ್ಸ್ ಬೇಕು. ಪಂಚಾಯ್ತಿಯ ಟ್ರೇಡ್ ಲೈಸೆನ್ಸ್ ತೋರಿಸಿದರೆ ಸಾಲದು.

ಹಾಗಾದರೆ ಕಸಕ್ಕೆ ಬೆಲೆಯೇ ಇಲ್ವಾ? ಇದೆ. ಕರಟಕ್ಕೆ ಇದ್ದಿಲು ಘಟಕಗಳಲ್ಲಿ ಈಗಾಗಲೇ ಗಿರಾಕಿ ಇದ್ದಾರೆ. ಒಣ ತ್ಯಾಜ್ಯದ ಗ್ಯಾಸಿಫೈಯರ್‌ನಿಂದ ಹೈಡ್ರೋಜನ್ ಬೇರ್ಪಡಿಸದೆ, ಬಂದ ಅನಿಲವನ್ನೇ ನೇರವಾಗಿ ಒಣಗಿಸೋ ಒಲೆಗೋ ಎಂಜಿನ್‌ಗೋ ಬಳಸಬಹುದು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲೇ ಹೀಗೆ ಕಟ್ಟಿಗೆ ಅನಿಲದಿಂದ ಮನೆಗಳಿಗೆ ದೀಪ ಹತ್ತಿಸಿದ್ದರು, ನೀರೆತ್ತಿದ್ದರು. ಇದರಲ್ಲಿ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಇರೋದರಿಂದ ಮುಚ್ಚಿದ ಕೋಣೆಯಲ್ಲಿ ಮಾತ್ರ ಬೇಡ.

ಹಸಿ ಕಸ, ಸಗಣಿಗೆ ಬಯೋಗ್ಯಾಸೇ ಸರಿ. ಸುಮಾರು 25 ಕೆಜಿ ಸಗಣಿಗೆ ಒಂದು ಘನ ಮೀಟರ್ ಅನಿಲ ಸಿಗುತ್ತೆ, ಅದು ಹತ್ತಿರಹತ್ತಿರ ಅರ್ಧ ಕೆಜಿ ಎಲ್‌ಪಿಜಿಗೆ ಸಮ. ಉಳಿದ ಬಗ್ಗಡ ಸೀದಾ ತೋಟಕ್ಕೆ.